ಗರಗಸದ ಚೈನು ಹಾಕುವುದು ನಮಗೂ ಬರಲಿ



ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಮಾತು ಸಾಕಷ್ಟಾಯಿತು. ಈ ಸಲ ಅಡಿಗೆಮನೆಯ ಹಿಂಬಾಗಿಲು ತೆಗೆದು ಹಿತ್ತಲಿಗೆ ಹೋಗೋಣ. ಕಟ್ಟಿಗೆಯ ಒಟ್ಟಲಿನ ಪಕ್ಕದಲ್ಲಿ, ಗೋಣಿಚೀಲದ ಕೆಳಗೆ, ಈಗ ಅನೇಕರ ಮನೆಯಲ್ಲಿ ಒಂದು ಹೊಸ ಸಾಮಾನು ಕೂತಿದೆ. ಮರ ಕೊಯ್ಯುವ ಮಷಿನ್. ಅಂಗಡಿಯವರು ಚೈನ್ ಸಾ ಅನ್ನುತ್ತಾರೆ, ಆಳುಗಳು ಕಟಿಂಗ್ ಮಷಿನ್ ಅನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ಅದರ ಸುತ್ತ ಓಡುವ ಹಲ್ಲಿನ ಸರಪಳಿಯೇ ಇವತ್ತಿನ ವಿಷಯ.

ಈ ವಿಷಯ ನಾನಾಗಿ ಎತ್ತಿಕೊಂಡದ್ದಲ್ಲ. ಬ್ಯಾಡಗಿ ಕಡೆಯ ಸೋದರಿಯೊಬ್ಬರು ಬರೆದಿದ್ದಾರೆ. ಅವರ ಮಾತಿನಲ್ಲೇ ಕೊಡುತ್ತೇನೆ:

"ಅಕ್ಕಾರ, ನಮ್ಮ ಮನೆಯವರು ವಾರಪೂರ್ತಿ ಹುಬ್ಬಳ್ಳ್ಯಾಗ ಇರತಾರ. ಹೊಲದಾಗಿನ ಜಾಲಿ ಕೊಯ್ಯಾಕ ಒಬ್ಬ ಆಳು ಬರತಾನ. ಮಷಿನ್ ನಮ್ಮದ. ಅರ್ಧ ತಾಸು ಓಡಿಸೂದರಾಗ ಚೈನ್ ಕಳಚಿ ಬೀಳತೈತಿ. ಅಂವ ಕೈ ಒರಸಿಕೊಂಡು ಗಿಡದ ನೆರಳಿಗೆ ಕುಂದರತಾನ. ಮಷಿನ್ ಹಾವೇರಿಗೆ ಒಯ್ದು ತರೂದರಾಗ ದಿನಾ ಹೋಗತೈತಿ, ಪಗಾರಂತೂ ಕೊಡಲೇಬೇಕು. ಈ ಚೈನ್ ಹಾಕೂದು ಹೆಂಗಸರ ಕೈಲೆ ಆಗೂವಂಥಾದ್ದೇನ್ರಿ?"

ಆಗುವಂಥಾದ್ದೇ, ತಂಗೀ. ಹೊಲಿಗೆ ಮಷಿನ್ನಿಗೆ ಬೆಲ್ಟು ಹಾಕಿ, ಬಾಬಿನ್ ಕೂಡಿಸಿ, ನೂಲಿನ ಬಿಗಿ ನೋಡಿ ಸರಿಮಾಡುವ ಕೈಗೆ ಇದೇನೂ ಹೆಚ್ಚಿನದಲ್ಲ. ಬೇಕಾದದ್ದು ಬಲವಲ್ಲ, ಗಮನ. ಮರ ಕೊಯ್ಯಲು ಹೋಗಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅದು ಕಲಿತವರ ಕೆಲಸ. ಆದರೆ ನಮ್ಮ ಮನೆಯ ಮಷಿನ್ನಿನ ಚೈನು ಸರಿ ಇದೆಯೋ ಇಲ್ಲವೋ ಎಂದು ನೋಡಿ ಹೇಳುವುದು ಮನೆಯಲ್ಲಿರುವವರಿಗೆ ಬರಲೇಬೇಕು. ಯಾಕೆ ಅಂದ್ರೆ, ಮುಂದೆ ಓದಿ.

ಸಡಿಲ ಚೈನು ಏನು ಮಾಡುತ್ತದೆ?

ಮಷಿನ್ನು ಪೂರ್ತಿ ವೇಗದಲ್ಲಿದ್ದಾಗ ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಅಂದರೆ ತಾಸಿಗೆ 70 ಕಿಲೋಮೀಟರಿನ ಮೇಲೆ. ನಮ್ಮ ಹಾವೇರಿ ರಾಣೆಬೆನ್ನೂರು ಹೈವೇಯಲ್ಲಿ ಬಸ್ಸು ಹೋಗುವ ವೇಗ ಅದು. ಆ ವೇಗದಲ್ಲಿ ಹಲ್ಲಿನ ಸರಪಳಿ ತನ್ನ ಗಾಡಿ ಬಿಟ್ಟು ಹೊರಬಂದರೆ ಎಲ್ಲಿ ಬಡಿಯುತ್ತದೆ ಎಂದು ಯಾರೂ ಹೇಳಲಾರರು. ಅದು ಬಡಿಯುವುದು ಹೆಚ್ಚಾಗಿ ಹಿಡಿದವನ ಕೈಗೆ, ಇಲ್ಲವೇ ಕಾಲಿಗೆ.

ನಮ್ಮೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನಡೆದದ್ದು ಹೇಳುತ್ತೇನೆ. ಕೂಲಿಗೆ ಬಂದ ಹುಡುಗ. ಮದುವೆಯಾಗಿ ಎರಡು ವರ್ಷವಾಗಿತ್ತು. ಬೆಳಿಗ್ಗೆಯಿಂದಲೇ ಚೈನು ಜೋತುಬಿದ್ದು ಓಡುತ್ತಿತ್ತು. ಅವನೂ ನೋಡಿದ್ದ, ಹೊಲದವರೂ ನೋಡಿದ್ದರು, ಚಹಾ ತಂದುಕೊಟ್ಟ ಹೆಂಗಸೂ ನೋಡಿದ್ದಳು. "ಇನ್ನೊಂದು ಟೊಂಗಿ ಆಗಲಿ" ಅಂದರು. ಮಧ್ಯಾಹ್ನ ಚೈನು ಕಳಚಿ ಮೊಣಕಾಲ ಕೆಳಗೆ ಬಡಿಯಿತು. ಜೀವ ಉಳಿಯಿತು, ಪುಣ್ಯ. ಆದರೆ ಮೂರು ತಿಂಗಳು ಅವನಿಗೆ ದುಡಿಮೆ ಇಲ್ಲ. ಅವನ ಹೆಂಡತಿ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ಮೆಣಸಿನಕಾಯಿ ಬಿಡಿಸಲು ಹೋದಳು. ಎಲ್ಲರೂ ನೋಡಿದ್ದರು, ನಿಲ್ಲಿಸು ಎಂದು ಹೇಳುವುದು ಯಾರ ಕೆಲಸ ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮಷಿನ್ನು ಯಾರ ಮನೆಯದೋ ಅದು ಅವರ ಕೆಲಸ. ಯಜಮಾನರು ಊರಲ್ಲಿಲ್ಲದಿದ್ದರೆ ಅದು ನಮ್ಮ ಕೆಲಸ. ಆಳಿನ ಕಾಲು ನಮ್ಮ ಮಷಿನ್ನಿನ ಮುಂದೆ ಇದೆ ಎನ್ನುವುದನ್ನು ಮರೆಯಬಾರದು.

ಈ ಸರಪಳಿಯ ಕಥೆ

ಇದನ್ನು ಓದಿ ನಿಮಗೆ ಆಶ್ಚರ್ಯವಾದೀತು. ಹಲ್ಲಿನ ಸರಪಳಿ ಮೊದಲು ಹುಟ್ಟಿದ್ದು ಮರಕ್ಕಾಗಿ ಅಲ್ಲ, ಬಾಣಂತಿಕೋಣೆಗಾಗಿ! ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸ್ಕಾಟ್‌ಲೆಂಡಿನ ಜಾನ್ ಏಟ್ಕಿನ್, ಜೇಮ್ಸ್ ಜೆಫ್ರಿ ಎಂಬ ವೈದ್ಯರು ಕೈಯಿಂದ ಎಳೆಯುವ ಚಿಕ್ಕ ಸರಪಳಿ ಗರಗಸ ಬಳಸಿದರು. ಕೂಸು ಹೊರಬರದೆ ಸಿಕ್ಕಿಕೊಂಡಾಗ ಸೊಂಟದ ಮುಂದಿನ ಮೂಳೆಯ ಸಂದು ಬಿಡಿಸಲು ಅದು ಬೇಕಾಗುತ್ತಿತ್ತು. ಅರಿವಳಿಕೆ ಇಲ್ಲದ ಕಾಲ. ನೆನೆಸಿಕೊಂಡರೇ ಮೈ ನಡುಗುತ್ತದೆ ಅಲ್ಲವೇ?

ಮರ ಕೊಯ್ಯುವ ಈಗಿನ ಚೈನಿಗೆ ಗುರು ಒಂದು ಹುಳು. ಅಮೇರಿಕದ ಆರೆಗನ್ ಪ್ರಾಂತದಲ್ಲಿ ಜೋಸೆಫ್ ಕಾಕ್ಸ್ ಎಂಬಾತ ಕಾಡಿನ ಕೆಲಸ ಮಾಡುತ್ತಿದ್ದ. ಮರ ತಿನ್ನುವ ಹುಳುವೊಂದು ಗಟ್ಟಿ ಕಟ್ಟಿಗೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೊರೆಯುತ್ತ ಸಲೀಸಾಗಿ ಮುಂದೆ ಹೋಗುವುದನ್ನು ಕಂಡ. ಅದರ ಬಾಯಿಯ ಹಾಗೆಯೇ ಹಲ್ಲು ಮಾಡಿ 1947ರಲ್ಲಿ ಚೈನು ತಯಾರಿಸಲು ಶುರುಮಾಡಿದ. ನಿಮ್ಮ ಮನೆಯ ಚೈನನ್ನು ಹತ್ತಿರದಿಂದ ನೋಡಿ. ಒಂದು ಹಲ್ಲು ಎಡಕ್ಕೆ ಬಾಗಿರುತ್ತದೆ, ಮುಂದಿನದು ಬಲಕ್ಕೆ. ಇದನ್ನು ನೆನಪಿಡಿ, ಚೂಪು ಮಾಡುವ ಮಾತು ಬಂದಾಗ ಬೇಕಾಗುತ್ತದೆ.

ಮೊದಲು ಭಾಗಗಳ ಪರಿಚಯ

ಉದ್ದನೆಯ ಉಕ್ಕಿನ ಪಟ್ಟಿಗೆ ಬಾರ್ ಅನ್ನುತ್ತಾರೆ. ಅದರ ಅಂಚಿನ ಸುತ್ತ ಒಂದು ಸಣ್ಣ ಗಾಡಿ, ಅಂದರೆ ಕಾಲುವೆ ಇರುತ್ತದೆ. ಚೈನಿನ ಕೆಳಗೆ ಮೊಳೆಯಂತೆ ಚಾಚಿದ ಕೊಂಡಿಗಳು ಆ ಕಾಲುವೆಯಲ್ಲಿ ಕೂತು ಓಡುತ್ತವೆ. ಎಂಜಿನ್ ಬದಿಗೆ ಇರುವ ಹಲ್ಲಿನ ಚಕ್ರ ಆ ಕೊಂಡಿಗಳನ್ನು ತಳ್ಳುತ್ತದೆ. ಸೈಕಲ್ಲಿನ ಚೈನಿನ ಲೆಕ್ಕವೇ ಇದು. ಬಾರಿನ ಬುಡದಲ್ಲಿ ಒಂದೋ ಎರಡೋ ನಟ್ಟುಗಳಿರುವ ಮುಚ್ಚಳ. ಅದರ ಪಕ್ಕದಲ್ಲಿ, ಇಲ್ಲವೇ ಮುಂದುಗಡೆ, ಒಂದು ಸಣ್ಣ ತಿರುಪು. ಬಾರನ್ನು ಮುಂದೆ ಹಿಂದೆ ಸರಿಸಿ ಚೈನಿನ ಬಿಗಿ ಹೆಚ್ಚು ಕಡಿಮೆ ಮಾಡುವುದು ಆ ತಿರುಪು. ಮೇಲಿನ ಹಿಡಿಕೆಯ ಮುಂದೆ ನಿಂತಿರುವ ಪ್ಲಾಸ್ಟಿಕ್ ಅಡ್ಡ ಕೈಗೆ ಕಾವಲು, ಅದೇ ಚೈನಿನ ಬ್ರೇಕು.

ಹೊಸ ಚೈನು ಕೊಳ್ಳುವಾಗ

"18 ಇಂಚಿನ ಮಷಿನ್ನಿಗೆ ಚೈನ್ ಕೊಡ್ರಿ" ಎಂದಷ್ಟೇ ಕೇಳಿ ತಂದರೆ ಹೊಂದದೆ ಹೋಗಬಹುದು. ಚೈನಿಗೆ ಮೂರು ಅಳತೆಗಳಿವೆ. ಒಂದು, ಕೊಂಡಿಯಿಂದ ಕೊಂಡಿಗಿರುವ ಅಂತರ. ಎರಡು, ಕಾಲುವೆಯಲ್ಲಿ ಕೂರುವ ಕೊಂಡಿಯ ದಪ್ಪ. ಮೂರು, ಅಂಥ ಕೊಂಡಿಗಳು ಎಷ್ಟು ಎನ್ನುವ ಲೆಕ್ಕ. ಅದೇ 18 ಇಂಚಿನ ಬಾರ್ ಇದ್ದರೂ ಒಂದು ಕಂಪನಿಯದಕ್ಕೆ 72 ಕೊಂಡಿ ಬೇಕು, ಇನ್ನೊಂದಕ್ಕೆ 74. ಈ ಅಂಕಿಗಳನ್ನು ಬಹಳಷ್ಟು ಬಾರುಗಳ ಬುಡದಲ್ಲಿ ಕೊರೆದಿರುತ್ತಾರೆ. ಎಣ್ಣೆ ಜಿಡ್ಡು ಒರೆಸಿ ನೋಡಿ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಳಿಸಿಹೋಗಿದ್ದರೆ ಹಳೆ ಚೈನನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಕುಪ್ಪಸಕ್ಕೆ ಅಳತೆ ಕುಪ್ಪಸ ಒಯ್ಯುವುದಿಲ್ಲವೇ, ಹಾಗೆ. ದಪ್ಪ ಕಡಿಮೆ ಇರುವ ಚೈನು ಅಗಲ ಕಾಲುವೆಯಲ್ಲಿ ಅಲುಗಾಡಿ ಹೊರಬೀಳುತ್ತದೆ, ಹೆಚ್ಚಿನದು ಕೂರುವುದೇ ಇಲ್ಲ.

ಕೂರುವ ಮುನ್ನ

ಮಷಿನ್ನು ನಿಂತಿರಬೇಕು, ಪೂರ್ತಿ ಆರಿರಬೇಕು. ಪೆಟ್ರೋಲಿನದಾದರೆ ಸ್ವಿಚ್ ಬಂದ್ ಮಾಡಿ, ಪ್ಲಗ್ಗಿನ ಮೇಲಿನ ರಬ್ಬರ್ ಟೊಪ್ಪಿಗೆ ಕಿತ್ತಿಡಿ. ಕರೆಂಟಿನದಾದರೆ ವೈರನ್ನು ಗೋಡೆಯ ಪಾಯಿಂಟಿನಿಂದ ತೆಗೆಯಿರಿ, ಬ್ಯಾಟರಿಯದಾದರೆ ಬ್ಯಾಟರಿ ಹೊರಗೆ. "ಬಂದ್ ಐತಲ್ಲ, ಸಾಕು" ಅನ್ನಬೇಡಿ.

ಕೈಗೆ ದಪ್ಪನೆಯ ಕೈಗವಸು ಹಾಕಿಕೊಳ್ಳಿ. ನಿಂತ ಚೈನು ಕೂಡ ಇಳಿಗೆಯ ಹಾಗೆ ಕೊಯ್ಯುತ್ತದೆ. ಸೆರಗು ಸಿಕ್ಕಿಸಿಕೊಳ್ಳಿ, ಮಕ್ಕಳನ್ನು ದೂರ ಕಳಿಸಿ. ಕಟ್ಟೆಯ ಮೇಲೆ ಹಳೆಯ ಪೇಪರ್ ಹಾಸಿ ಅದರ ಮೇಲೆ ಮಷಿನ್ ಇಡಿ, ತೊಡೆಯ ಮೇಲೆ ಬೇಡ. ನಟ್ಟು ಹಾಕಿಡಲು ಒಂದು ಬಟ್ಟಲು, ಹಲ್ಲುಜ್ಜಿ ಬಿಟ್ಟ ಹಳೆ ಬ್ರಷ್ಷು, ಅರಿವೆ ಚೂರು, ಮಷಿನ್ನಿನ ಜೊತೆ ಕೊಟ್ಟ ಟಿ ಆಕಾರದ ಪಾನಾ ಇಷ್ಟಿದ್ದರೆ ಸಾಕು. ಆ ಪಾನಾದ ಒಂದು ತುದಿ ನಟ್ಟಿಗೆ, ಇನ್ನೊಂದು ತುದಿ ತಿರುಪಿಗೆ.

ಹಳೆಯದು ತೆಗೆಯುವುದು

1. ಮುಂದಿನ ಕಾವಲಿನ ಅಡ್ಡವನ್ನು ಹಿಡಿಕೆಯ ಕಡೆಗೆ ಎಳೆಯಿರಿ. ಟಕ್ ಎಂದು ಸದ್ದಾಗುತ್ತದೆ, ಬ್ರೇಕು ಬಿಟ್ಟಿತು ಎಂದರ್ಥ. ಬ್ರೇಕು ಹಿಡಿದಿದ್ದರೆ ಚೈನೂ ಸರಿಯದು, ಕೆಲವು ಮಷಿನ್ನುಗಳಲ್ಲಿ ಮುಚ್ಚಳವೂ ತಿರುಗಿ ಕೂರದು.

2. ಮುಚ್ಚಳದ ನಟ್ಟು ಸಡಿಲಿಸಿ, ತಿರುಪನ್ನು ಎಡಕ್ಕೆ ತಿರುವಿ ಚೈನು ಜೋತುಬೀಳುವಂತೆ ಮಾಡಿ. ಆಮೇಲೆ ನಟ್ಟು ಪೂರ್ತಿ ಬಿಚ್ಚಿ ಬಟ್ಟಲಿಗೆ ಹಾಕಿ. ಮುಚ್ಚಳ ತೆಗೆಯಿರಿ.

3. ಚೈನು, ಬಾರು ಎರಡನ್ನೂ ಹೊರತೆಗೆಯಿರಿ. ಒಳಗೆ ಎಣ್ಣೆಯಲ್ಲಿ ಕಲಸಿದ ಹೊಟ್ಟು ಬೇಸನ್ ಉಂಡೆಯಂತೆ ತುಂಬಿರುತ್ತದೆ. ಬ್ರಷ್ಷಿನಿಂದ ಕೆರೆದು ತೆಗೆಯಿರಿ. ಬಾರಿನ ಕಾಲುವೆಯನ್ನು ತೆಳು ತಗಡಿನ ಚೂರಿನಿಂದ ಉದ್ದಕ್ಕೂ ಕೆರೆಯಿರಿ. ಬುಡದಲ್ಲಿ ಎಣ್ಣೆ ಬರುವ ಸಣ್ಣ ತೂತಿದೆ, ಕಡ್ಡಿಯಿಂದ ಬಿಡಿಸಿ. ಅದು ಮುಚ್ಚಿಕೊಂಡರೆ ಚೈನಿಗೆ ಎಣ್ಣೆ ಸಿಗದೆ ಸುಟ್ಟುಹೋಗುತ್ತದೆ.

4. ಹಲ್ಲಿನ ಚಕ್ರ ನೋಡಿ. ಕೊಂಡಿ ತಿಂದು ತಿಂದು ಅಲ್ಲಿ ಆಳವಾದ ಗುಳಿ ಬಿದ್ದಿದ್ದರೆ ಹೊಸ ಚೈನು ಹಾಕಿಯೂ ಉಪಯೋಗವಿಲ್ಲ. ಸಾಮಾನ್ಯವಾಗಿ ಎರಡು ಚೈನು ಸವೆಯುವಷ್ಟರಲ್ಲಿ ಚಕ್ರ ಬದಲಿಸಬೇಕು. ಅದಕ್ಕೆ ಮೆಕ್ಯಾನಿಕ್ಕನೇ ಬೇಕು, ಮನೆಯಲ್ಲಿ ಬಿಚ್ಚಬೇಡಿ.

ಹೊಸದು ಹಾಕುವುದು

1. ಬಾರನ್ನು ಈ ಸಲ ಮಗುಚಿ ಹಾಕಿ. ಮೇಲಿನ ಅಂಚು ಕೆಳಗೆ ಬರಲಿ. ಕೊಯ್ಯುವ ಕೆಲಸ ಹೆಚ್ಚಾಗಿ ಕೆಳಗಿನ ಅಂಚಿನ ಮೇಲೆ ಬೀಳುವುದರಿಂದ ಅದೇ ಮೊದಲು ಸವೆಯುತ್ತದೆ. ಹೊಸ ಚೈನು ಹಾಕುವಾಗಲೆಲ್ಲ ಮಗುಚಿದರೆ ಎರಡೂ ಬದಿ ಸಮನಾಗಿ ಸವೆಯುತ್ತವೆ. ಅಕ್ಷರ ತಲೆಕೆಳಗಾಯಿತೆಂದು ಗಾಬರಿಯಾಗಬೇಡಿ.

2. ಚೈನನ್ನು ಪೇಪರಿನ ಮೇಲೆ ಉದ್ದಕ್ಕೆ ಬಿಡಿಸಿ, ತಿರುಚಿದ್ದನ್ನು ನೇರ ಮಾಡಿ. ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಿ. ಹಳೆಯದು ಹಿಗ್ಗಿ ತುಸು ಉದ್ದವಾಗಿರಬಹುದು, ಆದರೆ ಕೊಂಡಿಗಳ ಲೆಕ್ಕ ಒಂದೇ ಇರಬೇಕು.

3. ಬಾರನ್ನು ಬುಡದ ಮೊಳೆಗಳ ಮೇಲೆ ಕೂಡಿಸಿ ಎಂಜಿನ್ನಿನ ಕಡೆಗೆ ಪೂರ್ತಿ ಹಿಂದೆ ಸರಿಸಿ. ಚೈನನ್ನು ಮೊದಲು ಹಲ್ಲಿನ ಚಕ್ರಕ್ಕೆ ಸುತ್ತಿ, ಆಮೇಲೆ ಬಾರಿನ ಮೇಲಿನ ಕಾಲುವೆಯಲ್ಲಿ ಕೂಡಿಸುತ್ತ ಹೋಗಿ, ಕೊನೆಗೆ ಮೂತಿಯ ಸುತ್ತ ತಂದು ಕೆಳಗೆ ಬಿಡಿ.

4. ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಹಲ್ಲುಗಳ ಮುಖ ಯಾವ ಕಡೆ? ಬಾರಿನ ಮೇಲುಭಾಗದಲ್ಲಿ ಹಲ್ಲಿನ ಚೂಪು ಮೂತಿಯ ಕಡೆ ನೋಡಬೇಕು, ನಿಮ್ಮ ಕಡೆ ಅಲ್ಲ. ನಾನು ಹೀಗೆ ನೆನಪಿಟ್ಟುಕೊಂಡಿದ್ದೇನೆ: ಮೇಲಿನದು ಹೊಲಕ್ಕೆ ಹೋಗುತ್ತದೆ, ಕೆಳಗಿನದು ಮನೆಗೆ ಬರುತ್ತದೆ. ಉಲ್ಟಾ ಹಾಕಿದರೆ ಮಷಿನ್ನು ಬೊಬ್ಬೆ ಹೊಡೆಯುತ್ತದೆ, ಹೊಗೆ ಬರುತ್ತದೆ, ಮರ ಮಾತ್ರ ಕೊಯ್ಯದು.

5. ಬಿಗಿ ಮಾಡುವ ತಿರುಪಿಗೆ ಒಂದು ಸಣ್ಣ ಗೂಟವಿದೆ. ಅದು ಬಾರಿನ ಪಕ್ಕದ ತೂತಿನೊಳಗೆ ಕೂರಬೇಕು. ಕೂತಿಲ್ಲದೆ ಮುಚ್ಚಳ ಬಿಗಿದರೆ ಗೂಟ ಮುರಿಯುತ್ತದೆ. ತಿರುಪನ್ನು ಆಚೆ ಈಚೆ ತುಸು ತಿರುವಿದರೆ ತಾನೇ ಹೋಗಿ ಕೂರುತ್ತದೆ.

6. ಮುಚ್ಚಳ ಹಾಕಿ, ನಟ್ಟನ್ನು ಬೆರಳಿನಿಂದಷ್ಟೇ ತಿರುಗಿಸಿ. ಪಾನಾ ಈಗಲೇ ಬೇಡ.

ಬಿಗಿ ಎಷ್ಟಿರಬೇಕು?

ಬಳೆಗಾರನ ಮುಂದೆ ಕೈಚಾಚಿ ಕೂತವರಿಗೆಲ್ಲ ಇದರ ಉತ್ತರ ಗೊತ್ತು. ಬಳೆ ಕೈಯಿಂದ ಜಾರಿ ಬೀಳಬಾರದು, ಮಣಿಕಟ್ಟಿಗೆ ಕಚ್ಚಿಯೂ ಕೂರಬಾರದು. ಕೈ ಎತ್ತಿದರೆ ಹಿಂದೆ ಸರಿಯಬೇಕು, ಇಳಿಸಿದರೆ ಮುಂದೆ ಬರಬೇಕು. ಚೈನೂ ಹಾಗೆಯೇ.

ಬಾರಿನ ಮೂತಿಯನ್ನು ಒಂದು ಕೈಯಿಂದ ಮೇಲಕ್ಕೆ ಎತ್ತಿ ಹಿಡಿಯಿರಿ. ಇಲ್ಲವೇ ಒಂದು ಕಟ್ಟಿಗೆ ತುಂಡಿನ ಮೇಲೆ ಮೂತಿ ಆನಿಸಿ. ತಿರುಪನ್ನು ನಿಧಾನವಾಗಿ ಬಲಕ್ಕೆ ತಿರುವಿ. ಕೆಳಗೆ ಜೋತುಬಿದ್ದ ಚೈನು ಮೇಲೇರುತ್ತ ಬಂದು ಬಾರಿನ ಕೆಳ ಅಂಚಿಗೆ ಮುಟ್ಟಿದಾಗ ನಿಲ್ಲಿಸಿ. ಮೂತಿ ಎತ್ತಿಯೇ ಹಿಡಿದು ಈಗ ಪಾನಾದಿಂದ ನಟ್ಟು ಬಿಗಿಯಿರಿ. ಮೂತಿ ಎತ್ತದೆ ಬಿಗಿದರೆ, ಮರಕ್ಕೆ ಒತ್ತಿದ ಕೂಡಲೇ ಬಾರು ಮೇಲೆದ್ದು ಚೈನು ಮತ್ತೆ ಸಡಿಲಾಗುತ್ತದೆ. ಬಹಳ ಮಂದಿ ಬಿಟ್ಟುಬಿಡುವ ಹೆಜ್ಜೆ ಇದೇ ನೋಡ್ರಿ.

ಇನ್ನು ಎರಡು ಪರೀಕ್ಷೆ. ಬಾರಿನ ನಡುಮಧ್ಯದಲ್ಲಿ ಚೈನನ್ನು ಎರಡು ಬೆರಳಿನಿಂದ ಎತ್ತಿ ಬಿಡಿ. ಕೊಂಡಿ ಕಾಲುವೆಯಿಂದ ಪೂರ್ತಿ ಹೊರಬರಬಾರದು, ಬಿಟ್ಟ ಕೂಡಲೇ ಚಟ್ಟನೆ ವಾಪಸ್ ಕೂರಬೇಕು. ಆಮೇಲೆ ಕೈಗವಸಿನ ಕೈಯಿಂದ ಚೈನನ್ನು ಮೂತಿಯ ಕಡೆಗೆ ಎಳೆಯಿರಿ. ಕಷ್ಟಪಡದೆ ಸುತ್ತಬೇಕು. ಹೊರಬಂದರೆ ಸಡಿಲ, ಎಳೆದರೆ ಬರದಿದ್ದರೆ ಬಿಗಿ.

ಹೊಸ ಚೈನಿಗೆ ಮೊದಲ ದಿನ ಕಣ್ಣಿರಲಿ

ಹೊಸ ಹಗ್ಗ ಬಾವಿಗೆ ಬಿಟ್ಟಾಗ ಮೊದಲೆರಡು ದಿನ ಹಿಗ್ಗುತ್ತದೆ. ಹೊಸ ಚೈನೂ ಹಿಗ್ಗುತ್ತದೆ. ಆದ್ದರಿಂದ ನಾಲ್ಕೈದು ನಿಮಿಷ ಸುಮ್ಮನೆ ಓಡಿಸಿ, ಬಂದ್ ಮಾಡಿ, ಆರಿದ ಮೇಲೆ ಮತ್ತೆ ಬಿಗಿ ನೋಡಬೇಕು. ಮೊದಲ ದಿನ ಪೆಟ್ರೋಲ್ ಹಾಕಲು ನಿಲ್ಲಿಸಿದಾಗಲೆಲ್ಲ ಒಮ್ಮೆ ನೋಡುವುದು ಒಳ್ಳೆಯದು.

ಇನ್ನೊಂದು ಎಚ್ಚರಿಕೆ. ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟಾ ಹಾಕುವುದನ್ನು ನೋಡಿದ್ದೀರಲ್ಲ? ಕಂಬಾರ ಪಟ್ಟಾವನ್ನು ಕೆಂಪಗೆ ಕಾಯಿಸುತ್ತಾನೆ, ಅದು ಹಿಗ್ಗುತ್ತದೆ, ಗಾಲಿಗೆ ತೊಡಿಸಿ ನೀರು ಹೊಡೆದರೆ ಕುಗ್ಗಿ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಕೆಲಸದಲ್ಲಿ ಕಾದ ಚೈನೂ ಹಿಗ್ಗಿ ಜೋತುಬೀಳುತ್ತದೆ. ಆಗಲೇ ಬಿಗಿದು ಹಾಗೇ ರಾತ್ರಿ ಬಿಟ್ಟರೆ, ತಣ್ಣಗಾದಾಗ ಕುಗ್ಗಿ ಆ ಪಟ್ಟಾದಂತೆ ಬಾರನ್ನು ಹಿಸುಕುತ್ತದೆ. ಎಂಜಿನ್ನಿನ ದಂಡಕ್ಕೂ ಬೇರಿಂಗಿಗೂ ಪೆಟ್ಟು. ಕೆಲಸದ ನಡುವೆ ಬಿಗಿದಿದ್ದರೆ ಸಂಜೆ ಸಡಿಲಿಸಿ ಇಡಿ. ಬಿಗಿ ನೋಡುವುದು ಯಾವಾಗಲೂ ತಣ್ಣಗಿದ್ದಾಗ.

ಬ್ಯಾಡಗಿಯ ತಂಗಿಗೆ ಉತ್ತರ

ಅರ್ಧ ತಾಸಿಗೊಮ್ಮೆ ಚೈನು ಕಳಚುತ್ತಿದ್ದರೆ ಈ ಕ್ರಮದಲ್ಲಿ ನೋಡಿ. ನಟ್ಟು ಸಡಿಲಾಗಿದೆಯೇ? ಬಿಗಿ ಮಾಡುವಾಗ ಮೂತಿ ಎತ್ತಿದ್ದರೇ? ತಿರುಪು ಪೂರ್ತಿ ತಿರುವಿದರೂ ಚೈನು ಜೋತೇ ಬಿದ್ದಿದೆಯೇ? ಹಾಗಿದ್ದರೆ ಅದರ ಆಯುಷ್ಯ ಮುಗಿಯಿತು, ಹೊಸದು ತನ್ನಿ. ಒಂದು ಕೊಂಡಿ ತೆಗೆಸಿ ಗಿಡ್ಡ ಮಾಡಿಸುವ ಉಪಾಯ ಬೇಡ. ಚೈನು ಹೊಸದಿದ್ದೂ ಕಳಚಿದರೆ ಬಾರಿನ ಕಾಲುವೆ ಅಗಲವಾಗಿದೆ, ಇಲ್ಲವೇ ಹಲ್ಲಿನ ಚಕ್ರ ಸವೆದಿದೆ, ಇಲ್ಲವೇ ಚೈನಿನ ದಪ್ಪ ತಪ್ಪಾಗಿದೆ.

ನಿಮ್ಮದು ಜಾಲಿ ಅನ್ನುತ್ತೀರಿ. ಇನ್ನೊಂದು ಕಾರಣವೂ ಇರಬಹುದು. ಬೆರಳು ಗಾತ್ರದ ಮುಳ್ಳು ಕಡ್ಡಿಗಳನ್ನು ಮಷಿನ್ನಿನಿಂದ ಕೊಯ್ಯಲು ಹೋದರೆ ಅವು ಬಾಗುತ್ತವೆ, ಚೈನಿಗೂ ಬಾರಿಗೂ ನಡುವೆ ಹೊಕ್ಕು ಚೈನನ್ನು ಎತ್ತಿ ಹೊರಹಾಕುತ್ತವೆ. ಸಣ್ಣ ಟೊಂಗೆ ಮೊದಲು ಕೊಡಲಿಯಿಂದ, ಕುಡಗೋಲಿನಿಂದ ಸವರಿಸಿ. ದಪ್ಪ ಬೊಡ್ಡೆ ಬಂದ ಮೇಲೆ ಮಷಿನ್. ಕೊಡಲಿಯನ್ನು ಅಟ್ಟಕ್ಕೆ ಹಾಕುವ ಕಾಲ ಇನ್ನೂ ಬಂದಿಲ್ಲ.

ಆಳಿಗೆ ಹೇಳಲು ಸಂಕೋಚ ಬೇಡ. "ತಮ್ಮಾ, ಒಂದ ನಿಮಿಷ ಬಂದ್ ಮಾಡು, ಚೈನ್ ನೋಡೂನು" ಎಂದರೆ ಯಾರೂ ಸಿಟ್ಟಾಗುವುದಿಲ್ಲ. ಸಿಟ್ಟಾದರೂ ಆಗಲಿ ಬಿಡಿ. ಸಂಜೆ ಎರಡು ಕಾಲಲ್ಲಿ ನಡೆದು ಮನೆಗೆ ಹೋಗುತ್ತಾನಲ್ಲ, ಅಷ್ಟು ಸಾಕು. ಧೋತರದ ಚುಂಗು, ಕೊರಳಿನ ಟವೆಲ್ಲು ಜೋತುಬಿದ್ದಿದ್ದರೆ ಅದನ್ನೂ ಕಟ್ಟಿಕೊಳ್ಳಲು ಹೇಳಿ. ಕಾಲಿಗೆ ಚಪ್ಪಲಿಯ ಬದಲು ಬೂಟು, ಕಣ್ಣಿಗೆ ಕನ್ನಡಕ ಇರಲಿ. ಬಾರಿನ ಮೂತಿಯ ಮೇಲ್ಭಾಗ ಯಾವುದಕ್ಕಾದರೂ ತಗುಲಿದರೆ ಮಷಿನ್ನು ಒದ್ದಂತೆ ಹಿಂದಕ್ಕೆ ಮುಖದ ಕಡೆ ಚಿಮ್ಮುತ್ತದೆ. ಅದಕ್ಕೇ ಒಂದೇ ಕೈಯಲ್ಲಿ ಹಿಡಿಯುವುದು, ಹೆಗಲಿಗಿಂತ ಮೇಲೆ ಎತ್ತಿ ಕೊಯ್ಯುವುದು ಎರಡೂ ಕೂಡದು.

ಉಳಿದ ಪತ್ರಗಳು

*ರಾಣೆಬೆನ್ನೂರಿನಿಂದ: ಟ್ರ್ಯಾಕ್ಟರಿನಿಂದ ತೆಗೆದ ಸುಟ್ಟ ಆಯಿಲ್ ಚೈನಿಗೆ ಹಾಕಬಹುದೇ?*

ಎಲ್ಲರೂ ಹಾಕುತ್ತಾರೆ, ಆದರೆ ಹಾಕಬಾರದು. ಅದರಲ್ಲಿ ಕಬ್ಬಿಣದ ಸಣ್ಣ ಕಣಗಳಿರುತ್ತವೆ, ಬಾರನ್ನು ತಿನ್ನುತ್ತವೆ. ಚೈನು ಆ ಎಣ್ಣೆಯನ್ನು ಕೈಗೆ, ಮುಖಕ್ಕೆ, ನೆಲಕ್ಕೆ ಎರಚುತ್ತಲೇ ಇರುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ. ಚೈನಿಗೆಂದೇ ಬರುವ ಅಂಟು ಎಣ್ಣೆ ತನ್ನಿ. ಎಣ್ಣೆ ಬರುತ್ತಿದೆಯೇ ಎಂದು ತಿಳಿಯಲು, ಓಡುವ ಮಷಿನ್ನಿನ ಮೂತಿಯನ್ನು ಒಂದು ಗೇಣು ದೂರದಿಂದ ಹಳೆ ಪೇಪರಿನತ್ತ ಹಿಡಿಯಲು ಆಳಿಗೆ ಹೇಳಿ. ಪೇಪರಿನ ಮೇಲೆ ಎಣ್ಣೆಯ ಗೆರೆ ಮೂಡಬೇಕು. ಮೂಡದಿದ್ದರೆ ತೂತು ಕಟ್ಟಿದೆ, ಇಲ್ಲವೇ ಎಣ್ಣೆ ಮುಗಿದಿದೆ.

*ಹಾವೇರಿಯಿಂದ: ಚೈನು ಹಾಕಿದೆವು, ಎಳೆದರೆ ಅಲ್ಲಾಡುವುದೇ ಇಲ್ಲ.*

ಮೊದಲು ಬ್ರೇಕು ನೋಡಿ. ಹತ್ತರಲ್ಲಿ ಎಂಟು ಸಲ ಕಾವಲಿನ ಅಡ್ಡ ಮುಂದಕ್ಕೆ ಹೋಗಿ ಬ್ರೇಕು ಹಿಡಿದಿರುತ್ತದೆ. ಬ್ರೇಕು ಬಿಟ್ಟೂ ಬರದಿದ್ದರೆ ಬಿಗಿ ಹೆಚ್ಚಾಗಿದೆ. ನಟ್ಟು ಸಡಿಲಿಸಿ ತಿರುಪನ್ನು ಕಾಲು ಸುತ್ತು ಎಡಕ್ಕೆ ತಿರುವಿ ಮತ್ತೆ ನೋಡಿ. ನಟ್ಟು ಸಡಿಲಿಸದೆ ತಿರುಪು ತಿರುವಬೇಡಿ.

*ಹಾವೇರಿಯಿಂದಲೇ ಇನ್ನೊಬ್ಬರು: ಚೈನು ಮೊಂಡಾಯಿತೆಂದು ಹೇಗೆ ತಿಳಿಯುವುದು?*

ನೆಲಕ್ಕೆ ಬಿದ್ದ ಹೊಟ್ಟು ನೋಡಿ. ಕೊಬ್ಬರಿ ತುರಿಯಂತೆ ದಪ್ಪ ಚೂರು ಬಿದ್ದರೆ ಚೂಪಾಗಿದೆ. ಜೋಳದ ಹಿಟ್ಟಿನಂತೆ ನುಣ್ಣಗೆ ಬಿದ್ದರೆ ಮೊಂಡಾಗಿದೆ. ಮೊಂಡಾದ ಚೈನನ್ನು ಒತ್ತಿ ಒತ್ತಿ ಓಡಿಸಿದರೆ ಕಾದು ಬೇಗ ಹಿಗ್ಗುತ್ತದೆ, ಮತ್ತೆ ಕಳಚುವ ಕಥೆ. ದುಂಡನೆಯ ಅರದಿಂದ ಮಸೆಯಬೇಕು. ಅರದ ದಪ್ಪ ಚೈನಿನ ಅಳತೆಗೆ ತಕ್ಕಂತೆ ಬೇರೆ ಬೇರೆ, ಅಂಗಡಿಯಲ್ಲಿ ಚೈನು ತೋರಿಸಿಯೇ ಕೊಳ್ಳಿ. ಅರವನ್ನು ಮುಂದಕ್ಕಷ್ಟೇ ತಳ್ಳಬೇಕು, ಹಿಂದಕ್ಕೆ ಉಜ್ಜಬಾರದು. ಆ ಹುಳುವಿನ ಕಥೆ ನೆನಪಿದೆಯಲ್ಲ? ಎಡದ ಹಲ್ಲಿಗೆ ಮೂರು ಸಲ ಅರ ಹಾಕಿದರೆ ಬಲದ ಹಲ್ಲಿಗೂ ಮೂರೇ ಸಲ. ಹೆಚ್ಚು ಕಡಿಮೆಯಾದರೆ ಚೈನು ನೇರ ಕೊಯ್ಯದೆ ಒಂದು ಪಕ್ಕಕ್ಕೆ ಎಳೆಯುತ್ತದೆ. ಹಲ್ಲಿನ ಉಳಿದ ಉದ್ದ ಸುಮಾರು 4 ಮಿಲಿಮೀಟರಿಗೆ ಬಂದರೆ ಮಸೆಯುವುದು ಬಿಟ್ಟು ಹೊಸದು ತನ್ನಿ, ಸವೆದ ಹಲ್ಲು ಮುರಿದು ಹಾರಬಹುದು.

*ಬ್ಯಾಡಗಿ ಹತ್ತಿರದ ಹಳ್ಳಿಯಿಂದ: ಮಳೆಗಾಲದಲ್ಲಿ ಮಷಿನ್ ಹೇಗೆ ಇಡಬೇಕು?*

ಚೈನು ಬಿಚ್ಚಿ, ಒರೆಸಿ, ಎಣ್ಣೆ ಸವರಿ ಒಂದು ಡಬ್ಬಿಯಲ್ಲಿಡಿ. ಪೆಟ್ರೋಲ್ ತೆಗೆದುಬಿಡಿ, ತಿಂಗಳುಗಟ್ಟಲೆ ಒಳಗಿದ್ದರೆ ಕೆಡುತ್ತದೆ. ಬಾರಿಗೆ ಪ್ಲಾಸ್ಟಿಕ್ ಚೀಲ ಹಾಕಿ, ಮಕ್ಕಳ ಕೈಗೆಟುಕದ ಕಡೆ ಇಡಿ. ಒಲೆಯ ಕೋಣೆಯಲ್ಲಂತೂ ಬೇಡವೇ ಬೇಡ.

ಕೊಯ್ಯುವ ಮುನ್ನ ಇನ್ನೊಂದು ಮಾತು

ಬೇಸಿಗೆಯ ಬಿರುಗಾಳಿಗೆ ಮುರಿದುಬಿದ್ದ ಟೊಂಗೆಯ ಮಾತು ಬೇರೆ. ನಿಂತ ಮರವನ್ನು ಬುಡಸಮೇತ ಕಡಿಸುವುದಾದರೆ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, 1976ರದು. ಸ್ವಂತ ಹೊಲದ ಮರವಾದರೂ ಅದಕ್ಕೆ ಅನುಮತಿ ಬೇಕೋ ಬೇಡವೋ ಎನ್ನುವುದು ಮರದ ಜಾತಿಯ ಮೇಲಿದೆ. ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಅಂಚಿನಲ್ಲಿ ಹೊಲವಿರುವವರು ಇನ್ನಷ್ಟು ಜಾಗ್ರತೆ. 1974ರಿಂದ ಅದು ಆ ಮೃಗಗಳ ಮನೆ, ಅಲ್ಲಿನ ನೀಲಗಿರಿ ಕಡ್ಡಿಗೂ ಕೈ ಹಾಕುವಂತಿಲ್ಲ.

ಕತ್ತರಿಸಿ ಮಷಿನ್ನಿನ ಹತ್ತಿರ ಅಂಟಿಸಲು

● ಮಷಿನ್ ಬಂದ್, ಪ್ಲಗ್ಗಿನ ಟೊಪ್ಪಿಗೆ ಹೊರಗೆ, ಕೈಗೆ ಕೈಗವಸು.
● ಮೇಲಿನ ಹಲ್ಲು ಹೊಲಕ್ಕೆ, ಕೆಳಗಿನ ಹಲ್ಲು ಮನೆಗೆ.
● ಮೂತಿ ಎತ್ತಿ ಹಿಡಿದೇ ನಟ್ಟು ಬಿಗಿ.
● ಎತ್ತಿದರೆ ಹೊರಬರಬಾರದು, ಎಳೆದರೆ ಸುತ್ತಬೇಕು.
● ತಣ್ಣಗಿದ್ದಾಗ ಬಿಗಿ ನೋಡು, ಬಿಸಿಯಲ್ಲಿ ಬಿಗಿದಿದ್ದರೆ ಸಂಜೆ ಸಡಿಲಿಸು.
● ಜೋತುಬಿದ್ದ ಚೈನು ಕಂಡವರು ಯಾರೇ ಆಗಲಿ, ನಿಲ್ಲಿಸು ಎನ್ನಬೇಕು.

ಮೊದಲ ಸಲ ಹಾಕುವಾಗ ಅರ್ಧ ತಾಸು ಹಿಡಿದೀತು. ಮೂರನೆಯ ಸಲಕ್ಕೆ ಹಾಲು ಉಕ್ಕುವಷ್ಟರಲ್ಲಿ ಮುಗಿಯುತ್ತದೆ. ಮೊದಲ ಸಲ ಮಾತ್ರ ಗೊತ್ತಿದ್ದವರೊಬ್ಬರನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಕೈ ನಿಮ್ಮದೇ ಇಟ್ಟು ಮಾಡಿ. ನೋಡಿ ಕಲಿತದ್ದು ಮರೆಯುತ್ತದೆ, ಮಾಡಿ ಕಲಿತದ್ದು ಉಳಿಯುತ್ತದೆ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಅಡಿಗೆಮನೆಗೆ ವಾಪಸ್. ಬ್ಯಾಡಗಿ ಮೆಣಸಿನಕಾಯಿ ವರ್ಷವಿಡೀ ಬಣ್ಣ ಕೆಡದಂತೆ, ಹುಳು ಹಿಡಿಯದಂತೆ ಇಡುವುದು ಹೇಗೆ ಎಂದು ಅನೇಕರು ಕೇಳಿದ್ದೀರಿ. ನಿಮ್ಮ ಮನೆಯ ವಿಧಾನವೇನಾದರೂ ಇದ್ದರೆ ಈಗಲೇ ಬರೆದು ಕಳಿಸಿ.